ಒಂದು ಸೊಪ್ಪಿನ ಹೊತ್ತು

ನಾಯಿ ಒಂದು ಸಲ ಕೆಮ್ಮಿದರೆ ಸಾಕು, ಆಟೋ ಕರೆಯುವವರ ಪೈಕಿ ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಹೈಸ್ಕೂಲಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು. ‘ಗಮನಿಸಿ, ಬರೆದುಕೊಳ್ಳಿ, ಆಮೇಲೆ ತೀರ್ಮಾನಿಸಿ’ ಎಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯುವವಳು. ಮನೆಗೆ ಬಂದರೆ ಮೊದಲು ತೀರ್ಮಾನ, ಆಮೇಲೆ ಅಳು. ಗಮನಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಅದನ್ನು ನನಗೆ ಕಲಿಸಿದವಳು ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಹೆಂಗಸು. ಹೋದ ತಿಂಗಳು ಮರಳವಾಡಿಯಲ್ಲಿ, ಮಗಳ ಮನೆಯಲ್ಲಿ, ತೀರಿಕೊಂಡಳು. ಅವಳ ಹೆಸರು ಬರೆಯುವುದಿಲ್ಲ. ಊರಿನಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ದೊಡ್ಡವ್ವ, ನನಗೂ ದೊಡ್ಡವ್ವ.

ಅಕ್ಕೂರಿಗೆ ವರ್ಗವಾಗಿ ಬಂದಾಗ ನನಗೆ ಸಿಕ್ಕ ಬಾಡಿಗೆ ಮನೆಗೂ ಅವಳ ಹುಳದ ಮನೆಗೂ ನಡುವೆ ಒಂದೇ ಗೋಡೆ. ಹುಳದ ಮನೆ ಎಂದರೆ ರೇಷ್ಮೆಹುಳು ಸಾಕುವ ಉದ್ದನೆಯ ಕೋಣೆ. ಅದರ ಹೊಸ್ತಿಲಲ್ಲಿ ಸದಾ ಸುಣ್ಣದ ಪುಡಿಯ ಒಂದು ಗೆರೆ. ಗೆರೆಯ ಆಚೆ ಚಪ್ಪಲಿ ಮತ್ತು ಜನ, ಈಚೆ ಹುಳ ಮತ್ತು ದೊಡ್ಡವ್ವ. ಬಂದ ಮೊದಲನೇ ದಿನ ಪರಿಚಯ ಮಾಡಿಕೊಳ್ಳೋಣವೆಂದು ನನ್ನ ನಾಯಿ ರಾಣಿಯನ್ನು ಕರೆದುಕೊಂಡು ಹೋಗಿ ಆ ಗೆರೆಯ ಮುಂದೆ ನಿಂತೆ. ಒಳಗಿನಿಂದ ಕೂಗು ಬಂತು.

“ಅಲ್ಲೇ ನಿಂತ್ಕೊ! ಏನವ್ವ ಅದು ವಾಸ್ನೆ?”

“ನಾಯಿಗೆ ಉಣ್ಣೆಹುಳು ಆಗಿತ್ತು, ಪೌಡರ್ ಹಾಕಿದ್ದೀನಿ.”

“ಆ ಪುಡಿ ಉಣ್ಣೆ ಸಾಯ್ಸೋಕೆ ಮುಂಚೆ ನನ್ನ ಹುಳ ಸಾಯ್ಸ್ಬುಡ್ತದೆ. ನಾಯ್ನೂ ತೊಳಿ, ನೀನೂ ತೊಳ್ಕೊ, ಆಮೇಲೆ ಬಾ.”

ಇಬ್ಬರೂ ತೊಳೆದುಕೊಂಡು ಹೋದೆವು. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹಿಪ್ಪುನೇರಳೆ ಸೊಪ್ಪಿನ ಕರೆ ಹತ್ತಿ ಕಪ್ಪಾದ ಬೆರಳುಗಳು. ‘ನೀವು’ ಎಂದು ಮಾತಾಡಿಸಿದ್ದಕ್ಕೆ ಹಿಂದೆ ತಿರುಗಿ ನೋಡಿ, “ಇಲ್ಲಿ ನಾನೊಬ್ಳೇ ಇವ್ನಿ ಕಣವ್ವ” ಎಂದಳು. ಅವತ್ತಿನಿಂದ ಏಕವಚನವೇ. ಅವಳಿಗೆ ನಾನು ಟೀಚ್ರಮ್ಮ.

ಆ ಸುಣ್ಣದ ಗೆರೆ ದಾಟುವ ಹಕ್ಕಿದ್ದ ಪ್ರಾಣಿ ಒಂದೇ, ಅವಳ ಬೆಕ್ಕು. ಅರ್ಧ ಕಿವಿ ಇಲ್ಲದ ಕೆಂದು ಬಣ್ಣದ ಗಂಡುಬೆಕ್ಕು. ಇಲಿ ಹುಳ ತಿನ್ನುತ್ತದೆ, ಬೆಕ್ಕು ಇಲಿ ತಿನ್ನುತ್ತದೆ, ಆದ್ದರಿಂದ ಅದು ಕೆಲಸಕ್ಕಿದೆಯೇ ಹೊರತು ತಾನು ಸಾಕಿದ್ದಲ್ಲ ಎಂಬುದು ಅವಳ ವಾದ. ಹೆಸರನ್ನೂ ಇಟ್ಟಿರಲಿಲ್ಲ. “ಬೆಕ್ಕೇ ಅಂದ್ರೆ ತಿರುಗ್ತದೆ, ಸಾಕಲ್ವಾ?” ಎನ್ನುತ್ತಿದ್ದಳು. ಆದರೆ ಬೆಳಗಿನ ಹಾಲು ಕಾದು ಕೆನೆ ಕಟ್ಟಿದ ಮೇಲೆ ಆ ಕೆನೆ ಮೊದಲು ಹೋಗುತ್ತಿದ್ದದ್ದು ಬೆಕ್ಕಿನ ತಟ್ಟೆಗೆ. ದೊಡ್ಡವ್ವನ ಟೀಗೆ ಉಳಿದದ್ದು ನೀಲಿ ನೀಲಿ ಹಾಲು.

ನಾನು ಬಂದ ವಾರದಲ್ಲೇ ರಾಣಿ ಬೆಳ್ಳಂಬೆಳಿಗ್ಗೆ ವಾಂತಿ ಮಾಡಿದಳು. ಚನ್ನಪಟ್ಟಣದ ಪಶು ಡಾಕ್ಟರ ಹತ್ತಿರ ಹೋಗಲು ಆಟೋ ತರಿಸಿ ನಾಯಿಯನ್ನು ಹತ್ತಿಸಿ ಆಗಿತ್ತು. ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬರುತ್ತಿದ್ದ ದೊಡ್ಡವ್ವ ಆಟೋಗೆ ಅಡ್ಡ ನಿಂತುಬಿಟ್ಟಳು. ತಲೆಯ ಮೇಲಿನ ಹೊರೆ ಇಳಿಸದೆಯೇ ವಿಚಾರಣೆ ನಡೆಯಿತು.

“ಎಷ್ಟು ಸಲ ಕಕ್ತು?”

“ಒಂದು ಸಲ.”

“ಏನಿತ್ತು ಅದ್ರಲ್ಲಿ?”

“ಹುಲ್ಲು.”

“ಆಮೇಲೆ ನೀರು ಕುಡೀತಾ? ಕುಡುದ್ ನೀರು ನಿಂತದಾ?”

ಕುಡಿದಿದ್ದಳು, ನಿಂತಿತ್ತು.

“ಹಂಗಾದ್ರೆ ಒಂದು ಸೊಪ್ಪು ನೋಡು. ಇಳಿ ಕೆಳಕ್ಕೆ.”

ಸೊಪ್ಪು ತಿನ್ನಿಸಲು ಹೇಳುತ್ತಿದ್ದಾಳೆಂದುಕೊಂಡೆ. ಅವಳು ಹೇಳಿದ್ದು ಕಾಲದ ಮಾತು ಎಂದು ಆಮೇಲೆ ಗೊತ್ತಾಯಿತು. ಹುಳಕ್ಕೆ ಬೆಳಿಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಹನ್ನೆರಡಕ್ಕೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ ಸೊಪ್ಪು ಹಾಕಬೇಕು. ಒಂದು ಸೊಪ್ಪಿನಿಂದ ಇನ್ನೊಂದು ಸೊಪ್ಪಿನವರೆಗಿನ ಹೊತ್ತೇ ಅವಳ ಗಡಿಯಾರ. ಮಧ್ಯಾಹ್ನದ ಸೊಪ್ಪಿನ ಹೊತ್ತಿಗೆ ರಾಣಿ ನನ್ನ ಚಪ್ಪಲಿಯ ಒಂದು ಪಟ್ಟಿಯನ್ನು ತಿಂದು ಮುಗಿಸಿದ್ದಳು. ಆಟೋದವನು ಮಾತ್ರ ಬಹಳ ದಿನ ದೊಡ್ಡವ್ವನ ಜೊತೆ ಮಾತು ಬಿಟ್ಟಿದ್ದ.

ಅಲ್ಲಿಂದ ಮುಂದೆ ಎಲ್ಲವೂ ಸೊಪ್ಪಿನ ಲೆಕ್ಕ. ಒಂದು ವಾಂತಿಗೆ ಒಂದು ಸೊಪ್ಪು. ಕಾಲೂರಿಕೊಂಡೇ ಒಸಿ ಕುಂಟಿದರೆ ಎರಡು. ಬರೀ ಸೀನಿಗೆ ಮೂರು. ಅನ್ನ ಬಿಟ್ಟರೆ ಎರಡು ಸೊಪ್ಪು ನೋಡಬಹುದು, ಮೂರನೆಯದು ದಾಟಬಾರದು. “ರಾತ್ರಿಯದು ಹನ್ನೆರಡು ಗಂಟೆ ಹೊತ್ತು ಆಗುತ್ತಲ್ಲ ದೊಡ್ಡವ್ವ, ಅದನ್ನ ಒಂದು ಅಂತ ಹಿಡೀಬೇಕೋ ಎರಡು ಅಂತಲೋ?” ಎಂದು ನಾನು ವಿಜ್ಞಾನದ ಟೀಚರಿಗೆ ತಕ್ಕ ಪ್ರಶ್ನೆ ಕೇಳಿದೆ. “ರಾತ್ರಿ ಸೊಪ್ಪು ಉದ್ದ ಕಣವ್ವ. ಅದ್ರಲ್ಲಿ ನೀನೂ ಒಸಿ ಮಲಗ್ಬೇಕು” ಎಂದಳು. ಸೊಪ್ಪಿಲ್ಲದವೂ ಇದ್ದವು. ಉಸಿರು ಎಳೆದೆಳೆದು ಬಿಟ್ಟರೆ, ವಸಡು ಬೆಳ್ಳಗಾದರೆ, ಹೊಟ್ಟೆ ಬಿಗಿದು ಊದಿಕೊಂಡರೆ, ಕುಡಿದ ನೀರೂ ನಿಲ್ಲದಿದ್ದರೆ ನಿಂತ ಕಾಲಲ್ಲಿ ಹೊರಡಬೇಕು, ತಲೆ ಬಾಚಿಕೊಳ್ಳಲೂ ಕೂರಬಾರದು. ಇದನ್ನು ಚನ್ನಪಟ್ಟಣದ ಡಾಕ್ಟರಿಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು, “ಯಾರ್ರೀ ಆಕೆ?” ಎಂದರು. ನಾನು ತಿಂಗಳಿಗೆ ಒಂದೇ ಸಲ ಕಾಣಿಸಿಕೊಳ್ಳುತ್ತಿರುವುದಕ್ಕೆ ಕಾರಣ ಏನೆಂದು ಅವರಿಗೂ ಯೋಚನೆಯಾಗಿತ್ತಂತೆ.

ಊರಿನ ಬಾಕಿ ಜನಕ್ಕೆ ಅವಳ ಹುಳದ ಮನೆಯ ಜಗುಲಿ ಮೊದಲನೇ ಆಸ್ಪತ್ರೆ. ಕೋಳಿ, ಮೊಲ, ಗಿಳಿ, ಕರು ಎಲ್ಲವೂ ಬರುತ್ತಿದ್ದವು. ಅವಳು ಮದ್ದು ಕೊಡುತ್ತಿರಲಿಲ್ಲ, ಮೈ ಮುಟ್ಟುತ್ತಲೂ ಇರಲಿಲ್ಲ. ಸೊಪ್ಪು ತುಂಬುವ ಬಿದಿರು ಬುಟ್ಟಿ, ಮಂಕರಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದಳು. ಕುರಿ ಸಾಕುವ ಒಬ್ಬಾತ ತನ್ನ ಮುದ್ದಿನ ಟಗರನ್ನು ತಂದಿದ್ದ. ಅದು ಕುಂಟುತ್ತಿತ್ತು, ಅವನ ಕಣ್ಣಲ್ಲಿ ನೀರಿತ್ತು. ದೊಡ್ಡವ್ವ ನೋಡಿದಳು, ನೋಡಿದಳು, ಕೊನೆಗೆ, “ಹಗ್ಗ ಬುಡ್ಲಾ” ಎಂದಳು. ಹಗ್ಗ ಬಿಟ್ಟದ್ದೇ ತಡ, ಟಗರು ನಾಲ್ಕೂ ಕಾಲಲ್ಲಿ ಓಡಿ ಸೊಪ್ಪಿನ ಕಡ್ಡಿಯ ರಾಶಿಗೆ ಬಾಯಿ ಹಾಕಿತು. “ಅದ್ರ ಕಾಲ್ಗೇನೂ ಆಗಿಲ್ಲ. ನಿನ್ ಜೊತೆ ಬರೋಕೆ ಅದ್ಕೆ ಮನಸಿಲ್ಲ” ಎಂದಳು. ಅವನಿಗೆ ಸಮಾಧಾನವಾಯಿತೋ ಬೇಜಾರಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಒಮ್ಮೆ ಕೇಳಿದೆ, “ಇಷ್ಟು ತಾಳ್ಮೆ ಎಲ್ಲಿಂದ ಬಂತು ದೊಡ್ಡವ್ವ?”

“ಹುಳ ತಿನ್ನೋದ ಬುಟ್ಟು ತಲೆ ಎತ್ಕಂಡು ಕೂತ್ರೆ ಹೊಸಬರು ಕಾಯ್ಲೆ ಅಂತ ಕೆದಕ್ತಾರೆ. ಕಾಯ್ಲೆ ಅಲ್ಲ ಅದು, ಪೊರೆ ಬುಡ್ತಾ ಇರ್ತದೆ. ಆಗ ಮುಟ್ಟುದ್ರೆ ಸಾಯ್ತದೆ. ಹಂಗಂತ ಕಣ್ ಮುಚ್ಕಂಡು ಕೂರೋದಲ್ಲ. ನೋಡ್ತಾ ಕೂರ್ಬೇಕು.”

ಇಷ್ಟು ಹೇಳುವವಳು ತನ್ನ ವಿಷಯ ಬಂದಾಗ ಹೇಗಿದ್ದಳು ಗೊತ್ತೇ? ಸೀನು ಬಂದರೆ ಆಸ್ಪತ್ರೆ, ಆಕಳಿಕೆ ಎರಡು ಸಲ ಬಂದರೆ ಆಸ್ಪತ್ರೆ. ಬೆಳಿಗ್ಗೆಯ ಸೊಪ್ಪು ಹಾಕಿ ಬಸ್ಸು ಹತ್ತಿದರೆ ಮಧ್ಯಾಹ್ನದ ಸೊಪ್ಪಿನೊಳಗೆ ಮಾತ್ರೆಯ ಜೊತೆ ಹಾಜರು. ಡಾಕ್ಟರ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದಳು. ಬೇಜಾರಾದಾಗ ನನ್ನ ಕೈಯಲ್ಲಿ ಅವನ್ನು ಓದಿಸಿ ಕೇಳುತ್ತಿದ್ದಳು. “ನಿನಗೆ ಮಾತ್ರ ಸೊಪ್ಪಿನ ಲೆಕ್ಕ ಇಲ್ಲವಾ?” ಎಂದು ನಾನು ಹಿಡಿದು ಕೇಳಿದರೆ ಅವಳಲ್ಲಿ ಉತ್ತರ ಸಿದ್ಧವಾಗಿತ್ತು. “ಹುಳಕ್ಕೆ ಬಾಯಿಲ್ಲ, ಅದ್ಕೇ ನೋಡ್ಬೇಕು. ನಂಗೆ ಬಾಯೈತೆ, ಹೋಗಿ ಹೇಳ್ಕಂಡು ಬತ್ತೀನಿ. ಬಾಯಿರೋಳು ಯಾಕೆ ಕಾಯ್ಬೇಕು?”

ಅವಳ ಕೀರ್ತಿ ತುದಿ ಮುಟ್ಟಿದ್ದು ನನ್ನ ರಾಣಿಯ ವಿಷಯದಲ್ಲೇ. ರಾಣಿ ಒಂದು ದಿನ ಅನ್ನ ಬಿಟ್ಟಳು. ನಿಂತಲ್ಲಿ ನಿಲ್ಲಳು, ಮೂಲೆ ಮೂಲೆಗೆ ಹೋಗಿ ನೆಲ ಕೆರೆಯುವಳು, ನನ್ನ ಮುಖ ನೋಡುವಳು. ನಾನು ಎರಡು ಸೊಪ್ಪು ಕಾಯಲಾರದೆ ಚೀಲ ಹೆಗಲಿಗೆ ಹಾಕಿ ನಿಂತಿದ್ದೆ. ದೊಡ್ಡವ್ವ ಬಂದು ಮಂಕರಿಯ ಮೇಲೆ ಕೂತು ಒಂದು ನಿಮಿಷ ನೋಡಿ, “ಹುಳ ಹಣ್ಣಾದಾಗ ಹಿಂಗೇ ಮಾಡೋದು. ಸೊಪ್ಪು ಬುಟ್ಟು ಗೂಡು ಕಟ್ಟೋಕೆ ಜಾಗ ಹುಡುಕ್ತದೆ. ಹಳೆ ಸೀರೆ ಹಾಸಿ ಒಂದು ಮೂಲೆ ಮಾಡ್ಕೊಡು” ಎಂದಳು. ಅವಳ ಹುಳದ ಹುಚ್ಚಿಗೆ ನಗು ಬಂತು. ಆದರೂ ಹಾಸಿದೆ. ಸಂಜೆಯ ಸೊಪ್ಪಿನೊಳಗೆ ಆ ಸೀರೆಯ ಮೇಲೆ ಐದು ಮರಿಗಳಿದ್ದವು. ನಾಯಿ ದಪ್ಪವಾಗುತ್ತಿರುವುದು ನನ್ನ ಕೈರುಚಿಯಿಂದ ಎಂದು ನಾನು ಎರಡು ತಿಂಗಳು ನಂಬಿಕೊಂಡಿದ್ದೆ. ಹತ್ತನೇ ತರಗತಿಗೆ ಸಂತಾನೋತ್ಪತ್ತಿಯ ಪಾಠ ಮಾಡುತ್ತಿದ್ದದ್ದೂ ಅದೇ ತಿಂಗಳು ಎಂಬುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ.

ಅದೇ ಕೀರ್ತಿ ಮುಂದೊಂದು ದಿನ ಅವಳ ಕಣ್ಣಿಗೆ ಅಡ್ಡ ಬಂತು. ಅವತ್ತು ಅವಳ ಹುಳವೆಲ್ಲ ಹಣ್ಣಾಗಿತ್ತು. ತಿಂಗಳ ಹತ್ತಿರ ಹತ್ತಿರ ಸಾಕಿದ ಹುಳ ಹಣ್ಣಾದ ದಿನವೇ ಅದನ್ನು ಆರಿಸಿ ಚಂದ್ರಿಕೆಯ ಮೇಲೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಯ ಮೇಲೆ ಬಿಡಬೇಕು. ತಡವಾದರೆ ಸಿಕ್ಕ ಸಿಕ್ಕಲ್ಲಿ ನೂಲು ಸುತ್ತಿ ಬೆಳೆಯೇ ಕೆಡುತ್ತದೆ. ಹಣ್ಣಾದ ದಿನ ಎಂದು ಮೊಮ್ಮಗಳ ನಾಮಕರಣಕ್ಕೂ ಹೋಗದೆ ಇದ್ದವಳು ಅವಳು. ಬೀದಿಯ ನಾಲ್ಕಾರು ಹೆಂಗಸರನ್ನು ಕರೆದುಕೊಂಡು ಬೆಳಿಗ್ಗೆಯಿಂದ ತಲೆ ಎತ್ತದೆ ಹುಳ ಆರಿಸುತ್ತಿದ್ದಳು. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಬೆಕ್ಕು ನನ್ನ ಕಣ್ಣಿಗೆ ಬಿತ್ತು. ಮರಳ ರಾಶಿಯಲ್ಲಿ ಕೆರೆದು ಕೂತಿತು, ಎದ್ದಿತು. ಬೂದಿಗುಂಡಿಯಲ್ಲಿ ಕೂತಿತು, ಎದ್ದಿತು. ಮಧ್ಯಾಹ್ನದ ಹೊತ್ತಿಗೆ ನಾನು ಸುಣ್ಣದ ಗೆರೆಯ ಮುಂದೆ ನಿಂತಿದ್ದೆ.

“ದೊಡ್ಡವ್ವ, ಬೆಕ್ಕು ಯಾಕೋ ಸರಿಯಿಲ್ಲ.”

“ಶುರು ಮಾಡ್ಕಂಡಾ? ತಿಂತಾ?”

“ಇಲ್ಲ. ಮೂಲೆ ಮೂಲೆಗೆ ಹೋಗಿ ಕೆರೀತಾ ಇದೆ.”

“ನಿನ್ ರಾಣಿ ಅವತ್ತು ಮಾಡಿದ್ದೂ ಅದೇ ಅಲ್ವಾ? ಜಾಗ ಹುಡುಕ್ತಾ ಐತೆ. ಎರಡು ಸೊಪ್ಪು ನೋಡು.”

“ದೊಡ್ಡವ್ವ, ಅದು ಗಂಡುಬೆಕ್ಕು!”

ಹುಳ ಆರಿಸುತ್ತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ದೊಡ್ಡವ್ವನ ಕೈ ನಿಲ್ಲಲಿಲ್ಲ. “ಗಂಡಾದ್ರೆ ಮಲಗೋಕೆ ಜಾಗ ಬ್ಯಾಡ್ವಾ? ಹೋಗು, ಹೋಗು.”

ಬೇರೆ ದಿನವಾಗಿದ್ದರೆ ಅತ್ತುಕೊಂಡು ಹೋಗುತ್ತಿದ್ದೆ. ಅವತ್ತು ನನ್ನ ಕೈಯಲ್ಲಿ ಅವಳೇ ಕಲಿಸಿದ ವಿದ್ಯೆ ಇತ್ತು. “ನಾಲ್ಕು ಕಡೆ ಕೆರೆದು ಕೂತಿದೆ. ನಾಲ್ಕೂ ಕಡೆ ನಾನು ಮುಟ್ಟಿ ನೋಡಿದ್ದೀನಿ. ಎಲ್ಲೂ ಒದ್ದೆ ಇಲ್ಲ. ನೆನ್ನೆಯಿಂದ ಅದು ಉಚ್ಚೆ ಹೊಯ್ದದ್ದು ನೀನು ನೋಡಿದ್ದೀಯಾ?”

ಕೈ ನಿಂತಿತು. ಎದ್ದು ಬಂದಳು. ಮರಳ ರಾಶಿಯ ಮುಂದೆ ಕೂತು ಅಂಗೈ ಊರಿ ನೋಡಿದಳು. ಬೂದಿಗುಂಡಿಯಲ್ಲೂ ಊರಿ ನೋಡಿದಳು. ಬೆಕ್ಕು ಗೋಡೆಯ ಬದಿಗೆ ಕೂತು ಒಮ್ಮೆ ಸಣ್ಣಗೆ ಕೂಗಿತು. ದೊಡ್ಡವ್ವ ಹುಳದ ಮನೆಯ ಬಾಗಿಲ ಕಡೆ ಒಂದು ಸಲ ನೋಡಿದಳು, ಬೆಕ್ಕಿನ ಕಡೆ ಒಂದು ಸಲ. ಅವಳು ಏನನ್ನಾದರೂ ತೀರ್ಮಾನಿಸಲು ಒದ್ದಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಹಣ್ಣಾದ್ದ ಮಾತ್ರ ಆರ್ಸ್ರವ್ವ. ಒತ್ತೊತ್ತಾಗಿ ಬುಡ್ಬ್ಯಾಡಿ. ನಾನು ಬತ್ತೀನಿ” ಎಂದು ಒಳಗೆ ಕೂಗಿ ಹೇಳಿ, ಬೆಕ್ಕನ್ನು ಮಂಕರಿಗೆ ಹಾಕಿ, ಮೇಲೊಂದು ಮಂಕರಿ ಕವುಚಿ ಕಟ್ಟಿದಳು. ಅದೇ ಆಟೋ, ಅದೇ ಡ್ರೈವರ್. ಚನ್ನಪಟ್ಟಣ ಬರುವ ತನಕ ಮಂಕರಿಯನ್ನು ತೊಡೆಯ ಮೇಲೆ ತಬ್ಬಿ ಕೂತು ಬೆಕ್ಕನ್ನು ಬೈದಳು. “ಇವತ್ತೇ ಬೇಕಿತ್ತಾ ನಿಂಗೆ? ಹೇಳೋಕೇನಾಗಿತ್ತು ರೋಗ? ಸತ್ತೀಯೇನೋ, ನೋಡು, ಸತ್ರೆ ಸಾಯ್ಸ್ಬುಡ್ತೀನಿ ನಿನ್ನ!” ಬೈಗುಳದ ನಡುವೆ ಡ್ರೈವರಿಗೆ, “ಒಸಿ ಜೋರಾಗಿ ಬುಡಪ್ಪ” ಎನ್ನುವುದು.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, “ಎಷ್ಟು ಹೊತ್ತಿಂದ ಹೀಗೆ?” ಎಂದರು. “ನೆನ್ನೆ ಸಂಜೆ ಸೊಪ್ಪಿಗೆ ಸರ್ಯಾಗಿತ್ತು” ಎಂದಳು. ನಾನು ಅದನ್ನು ಗಂಟೆಗೆ ಇಳಿಸಿ ಹೇಳಿದೆ. ಉಚ್ಚೆಯ ದಾರಿ ಕಟ್ಟಿಕೊಂಡಿತ್ತು. ಗಂಡುಬೆಕ್ಕುಗಳಲ್ಲಿ ಆಗುವುದುಂಟಂತೆ. ಅವರು ಮಂಪರು ಕೊಟ್ಟು ಸಣ್ಣ ಕೊಳವೆ ಹಾಕಿ ಬಿಡಿಸುತ್ತಿರುವಾಗ ದೊಡ್ಡವ್ವ ಹೊರಗೆ ಬೆಂಚಿನ ಮೇಲೆ ಕೂರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು, “ಉಸುರಾಡ್ತೈತಾ? ನೋವಾಯ್ತದಾ? ಎದ್ಮೇಲೆ ಉಣ್ತದಾ? ನಾಳೆ ಮತ್ತೆ ತರ್ಬೇಕಾ? ನಾಡಿದ್ದೂ ತರ್ಲಾ?” ಎಂದು ನಾನು ಕೇಳಬೇಕಾದ ಅಷ್ಟೂ ಪ್ರಶ್ನೆಗಳನ್ನು ತಾನೇ ಕೇಳಿ ಮುಗಿಸಿದಳು. ಕೊನೆಗೆ ಡಾಕ್ಟರು ಕೈ ಒರೆಸಿಕೊಳ್ಳುತ್ತಾ, “ಬದುಕ್ತು. ನಾಳೆವರೆಗೆ ಬಿಟ್ಟಿದ್ರೆ ಉಳೀತಿರಲಿಲ್ಲ ಅಜ್ಜಿ” ಎಂದರು.

ವಾಪಸು ಬರುವಾಗಲೂ ಮಂಕರಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಊರು ಹತ್ತಿರ ಬಂದಾಗ, “ನಾನು ಹುಳ ನೋಡ್ತಾ ಇದ್ದೆ ಕಣವ್ವ, ಬೆಕ್ಕ ನೋಡ್ನಿಲ್ಲ. ನೀನು ನೋಡ್ದೆ” ಎಂದಳು. ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಒಳ್ಳೆಯ ಸರ್ಟಿಫಿಕೇಟು ಯಾರೂ ಕೊಟ್ಟಿಲ್ಲ. ಅವಸರದಲ್ಲಿ ಹೆಂಗಸರು ಹುಳವನ್ನು ಒತ್ತೊತ್ತಾಗಿಯೇ ಬಿಟ್ಟಿದ್ದರಿಂದ ಆ ಸಲ ಜೋಡಿ ಗೂಡುಗಳು ಬಹಳ ಬಂದವು, ಎರಡೆರಡು ಹುಳ ಸೇರಿ ಒಂದೇ ಗೂಡು ಕಟ್ಟಿದ್ದವು. ಅವಕ್ಕೆ ಮಾರ್ಕೆಟ್ಟಿನಲ್ಲಿ ಬೆಲೆ ಕಡಿಮೆ. ಅಂಥದ್ದೊಂದನ್ನು ಕಿಟಕಿಯಲ್ಲಿ ಇಟ್ಟುಕೊಂಡು ದಿನವೂ ಬೆಕ್ಕಿಗೆ ತೋರಿಸಿ, “ನೋಡು, ನಿನ್ ಕೆಲ್ಸ” ಎಂದು ಛೀಮಾರಿ ಹಾಕಿದ ಮೇಲೆ ಕೆನೆ ಹಾಕುತ್ತಿದ್ದಳು.

ಹೋದ ವರ್ಷ ಅವಳ ಮಂಡಿ ಕೈಕೊಟ್ಟಿತು. ಸೊಪ್ಪಿನ ಹೊರೆ ಹೊರಲಾಗದೆ ಹುಳ ನಿಲ್ಲಿಸಿದಳು. ಮಗಳು ಬಂದು ಮರಳವಾಡಿಗೆ ಕರೆದುಕೊಂಡು ಹೊರಟಳು. ಮಗಳ ಮನೆ ರಸ್ತೆಯ ಮಗ್ಗುಲಲ್ಲೇ, ಲಾರಿ ಬಸ್ಸು ಬಿಡುವಿಲ್ಲ, ಬೆಕ್ಕಿಗೆ ಅಪಾಯ. “ಟೀಚ್ರಮ್ಮ, ಇದು ಇಲ್ಲೇ ಇರ್ಲಿ. ನೀನು ನೋಡ್ತೀಯ” ಎಂದು ಬಿಸ್ಕತ್ತಿನ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾರು ಹತ್ತಿದಳು. ಬೆಕ್ಕಿನ ಕಡೆ ತಿರುಗಿ ನೋಡಲಿಲ್ಲ. ಕೆಲಸಕ್ಕಿದ್ದ ಬೆಕ್ಕಲ್ಲವೇ!

ಮಾರನೇ ದಿನದಿಂದ ಫೋನು. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ಹುಳ ಇಲ್ಲದಿದ್ದರೂ ಸೊಪ್ಪಿನ ಹೊತ್ತು ತಪ್ಪುತ್ತಿರಲಿಲ್ಲ. ಮಧ್ಯಾಹ್ನದ್ದು ನನ್ನ ಒಂಬತ್ತನೇ ತರಗತಿಯ ಪೀರಿಯಡ್ಡಿಗೆ ಸರಿಯಾಗಿ ಬರುತ್ತಿತ್ತು. ಮಕ್ಕಳೇ, “ಮಿಸ್, ಬೆಕ್ಕಿನ ಫೋನು” ಎನ್ನುತ್ತಿದ್ದರು. ಹೀಗೇ ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ, “ಚೆನ್ನಾಗಿದೆ ದೊಡ್ಡವ್ವ. ಒಂದು ಸಲ ಸೀನಿತು ಅಷ್ಟೆ” ಎಂದುಬಿಟ್ಟೆ.

ಆ ಕಡೆಯಿಂದ ವಿಚಾರಣೆ ಶುರುವಾಯಿತು.

“ಮೂಗಲ್ಲಿ ನೀರೈತಾ?”

“ಇಲ್ಲ.”

“ತಿಂತಾ?”

“ತಟ್ಟೆ ನೆಕ್ಕಿತು.”

“ಡಾಕ್ಟ್ರ ತವ ತಕಂಡೋಗು.”

ನನಗೆ ನಗು ತಡೆಯಲಾಗಲಿಲ್ಲ. “ಒಂದು ಸೀನಿಗೆ ಮೂರು ಸೊಪ್ಪು ಅಂದೋಳು ನೀನೇ ಅಲ್ವಾ?”

“ಅದು ಕಣ್ಮುಂದೆ ಇದ್ದಾಗ ಕಣವ್ವ. ನೋಡೋಕಾಗೋರ್ಗೆ ಕಾಯೋಕೂ ಆಯ್ತದೆ. ನಾನಿಲ್ಲಿ ಗ್ವಾಡೆ ನೋಡ್ಕಂಡು ಎಷ್ಟು ಸೊಪ್ಪು ಕಾಯ್ಲಿ?”

ನಗು ನಿಂತಿತು. ಸ್ಕೂಲು ಮುಗಿಸಿಕೊಂಡು ಹೋಗುತ್ತೇನೆ ಎಂದೆ. ಹನ್ನೆರಡಕ್ಕೆ, “ಹೋದಾ?” ಎಂದು ಫೋನು. “ಸಂಜೆ ಅಂದೆನಲ್ಲ ದೊಡ್ಡವ್ವ” ಎಂದು ಒಸಿ ರೇಗಿದೆ. ಸಂಜೆ ಬೆಕ್ಕನ್ನು ಮಂಕರಿಯಲ್ಲಿ ಕಟ್ಟಿ ತಂದ ನನ್ನನ್ನು ನೋಡಿ ಡಾಕ್ಟರು, “ಏನಾಗಿದೆ?” ಎಂದರು.

“ಬೆಳಿಗ್ಗೆ ಒಂದು ಸಲ ಸೀನಿತು ಸಾರ್.”

“ಹಳೇ ಚಾಳಿ ಮತ್ತೆ ಶುರುವಾಯ್ತಾ ಮೇಡಂ?” ಎನ್ನುತ್ತಲೇ ಕಣ್ಣು, ಮೂಗು, ಎದೆ ಎಲ್ಲ ನೋಡಿದರು. “ಏನೂ ಇಲ್ಲ, ಕರ್ಕೊಂಡು ಹೋಗಿ.”

“ಅದನ್ನೇ ಒಂದು ಚೀಟಿಯಲ್ಲಿ ಬರೆದುಕೊಡಿ ಸಾರ್.”

“ಏನಂತ?”

“ಏನೂ ಇಲ್ಲ ಅಂತ.”

ಅವರು ನನ್ನ ಮುಖ ನೋಡಿ, ಏನು ಹೊಳೆಯಿತೋ, ಬರೆದು ಸಹಿ ಹಾಕಿ ಸೀಲೂ ಒತ್ತಿಕೊಟ್ಟರು. ಅಲ್ಲೇ ಮೆಟ್ಟಿಲ ಮೇಲೆ ನಿಂತು ಫೋನು ಮಾಡಿ ಓದಿದೆ. “ಇನ್ನೊಂದ್ಸಲ ಓದು” ಎಂದಳು. ಓದಿದೆ. “ಸೀಲೈತಾ?” ಎಂದಳು. ಇದೆ ಎಂದೆ. ಆಮೇಲೆ ಫೋನು ಮಗಳ ಕೈಗೆ ಹೋಯಿತು.

“ಒಳ್ಳೇದಾಯ್ತು ಮೇಡಂ. ಬೆಳಿಗ್ಗೆಯಿಂದ ಅವ್ವ ಬಾಯಿಗೆ ಏನೂ ಹಾಕಿರ್ನಿಲ್ಲ. ಇವಾಗ ಮುದ್ದೆ ಕೇಳ್ತಾ ಕೂತದೆ.”

ಬೆಳಿಗ್ಗೆಯದೊಂದು, ಮಧ್ಯಾಹ್ನದ್ದೊಂದು. ಎರಡು ಸೊಪ್ಪು ಅವಳು ಅನ್ನ ಬಿಟ್ಟಿದ್ದಳು. ನಾನು ಬೆಕ್ಕಿನ ಲೆಕ್ಕದಲ್ಲಿದ್ದೆ, ಮಧ್ಯಾಹ್ನ ರೇಗಿಯೂ ಇದ್ದೆ. ಅದು ನೆನಪಾದಾಗೆಲ್ಲ ಇವತ್ತಿಗೂ ನಾಚಿಕೆಯಾಗುತ್ತದೆ.

ಹೋದ ತಿಂಗಳು ಬೆಳಗಿನ ಆರರ ಫೋನು ಬಂದಾಗ ಮಾತಾಡಿದ್ದು ಮಗಳು. ಮಲಗಿದ್ದಲ್ಲೇ ಹೋಗಿದ್ದಳಂತೆ, ಯಾರಿಗೂ ಏನೂ ಹೇಳದೆ, ಬಾಯಿದ್ದವಳು. ಮರಳವಾಡಿಗೆ ಹೋಗಿ ಮಣ್ಣು ಹಾಕಿ ಬಂದೆ. ಬೆಕ್ಕೇನೂ ಅನ್ನ ಬಿಡಲಿಲ್ಲ. ತಟ್ಟೆ ನೆಕ್ಕಿ, ಬಾಗಿಲು ಹಾಕಿದ ಹುಳದ ಮನೆಯ ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿತ್ತು. ಅನ್ನ ಸೇರದೆ ಕೂತಿದ್ದವಳು ನಾನು. ಬೆಳಿಗ್ಗೆಯದು ದಾಟಿತು, ಮಧ್ಯಾಹ್ನದ್ದೂ ದಾಟಿತು. ಸಂಜೆ ಆರಾಗುತ್ತಿದ್ದಂತೆ ಎದ್ದು ಒಲೆ ಹಚ್ಚಿ ಮುದ್ದೆಗೆ ಎಸರಿಟ್ಟೆ. ಮೂರನೇ ಸೊಪ್ಪು ದಾಟಿಸಿದ್ದರೆ ಅವಳು ಬೈಯುತ್ತಿದ್ದಳು.